ತೊಗಟೆಯ ಮೀನು ಮತ್ತು ನನ್ನ ಅತ್ತೆಯ ಬೆನ್ನು

ಇಚಲಕರಂಜಿ

ನಾನು ಮದುವೆಯಾದವನಲ್ಲ. ಆದರೂ ನನಗೊಬ್ಬ ಅತ್ತೆ ಇದ್ದಾಳೆ. ಆಕೆ ಇರುವುದು ಆಸ್ಟ್ರೇಲಿಯಾದ ಉತ್ತರ ಕರಾವಳಿಯಲ್ಲಿ. ನಾನು ಕಣ್ಣಿಗೆ ಬಿದ್ದರೆ ಪೊದೆಯೊಳಗೆ ಓಡಿಹೋಗುತ್ತಾಳೆ. ಇದನ್ನು ನಮ್ಮೂರು ಗಡಹಿಂಗ್ಲಜದಲ್ಲಿ ಹೇಳಿದಾಗ ಕೆಲವರು ನಕ್ಕರು, ಉಳಿದವರು ಆಕೆ ಯಾವ ಪೈಕಿಯವಳೆಂದು ಕೇಳಿದರು. ಎರಡನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಬೇಕು. ನಾನು ಮುಂಬಯಿಯಲ್ಲಿ ರಸಾಯನಶಾಸ್ತ್ರ ಓದಿದವನು. ಕಣ್ಣಿಂದ ಕಂಡದ್ದನ್ನೂ ಎರಡು ಸಲ ಪರೀಕ್ಷಿಸದೆ ನಂಬಬಾರದೆಂದು ಕಲಿತವನು. ನನ್ನ ನೆನಪನ್ನಂತೂ ನಾನು ಒಂದು ಸಲವೂ ನಂಬಿಲ್ಲ. ಕೊಲ್ಹಾಪುರದ ನಮ್ಮ ಹಳೆಯ ಬಾಡಿಗೆ ಖೋಲಿಯ ಬಾಗಿಲಿಗೆ ಹಸಿರು ಬಣ್ಣವಿತ್ತೆಂದು ಹತ್ತಾರು ಜನರ ಮುಂದೆ ವಾದಿಸಿ, ಹೋಗಿ ನೋಡಿದರೆ ಆ ಖೋಲಿಗೆ ಬಾಗಿಲೇ ಇರಲಿಲ್ಲ, ಗೋಣಿಪರದೆ ಇತ್ತು. ಆದ್ದರಿಂದ ಈ ಬರಹದಲ್ಲಿ 'ಬಹುಶಃ' ಎಂಬ ಮಾತು ಬಂದಲ್ಲಿ ಅದನ್ನು ವಿನಯವೆಂದು ತಿಳಿಯಬಾರದು.

ನನ್ನನ್ನು ಸಮುದ್ರ ದಾಟಿಸಿದವರು ಇಚಲಕರಂಜಿಯ ಭೂಪಾಲಣ್ಣ. ಜೈನರು, ಹೊಲವೂ ಉಂಟು, ಸೀರೆ ನೇಯುವ ವಿದ್ಯುತ್ ಮಗ್ಗಗಳ ಶೆಡ್ಡೂ ಉಂಟು. ನಾನು ಮಾಸ್ತರಿಕೆ ಬಿಟ್ಟು, ಆಮೇಲೆ ಇನ್ನೆರಡು ಕೆಲಸಗಳನ್ನೂ ಬಿಟ್ಟು, ಅವರ ಶೆಡ್ಡಿನಲ್ಲಿ ಬಣ್ಣ ಕಾಯಿಸುತ್ತಿದ್ದೆ. ಎರಡನೆಯ ಮಹಾಯುದ್ಧ ಮುಗಿದಿತ್ತು. ಯುದ್ಧಕ್ಕೆ ಹೋಗಿಬಂದ ಅವರ ಅಳಿಯ ಒಂದು ಇಂಗ್ಲಿಷ್ ವಾರಪತ್ರಿಕೆ ತಂದಿದ್ದ. ಅದರಲ್ಲಿ ಒಂದು ಚಿತ್ರ: ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬ ಮರದ ತೊಗಟೆಯ ಮೇಲೆ ಬರೆದ ಮೀನು. ಮೈಯ ಚರ್ಮವೇ ಇಲ್ಲವೆಂಬಂತೆ ಒಳಗಿನ ಮುಳ್ಳು, ಕರುಳು, ಪಿತ್ತಕೋಶ ಎಲ್ಲ ಕಾಣುತ್ತಿದ್ದವು. ಹೊಟ್ಟೆಯ ಉಳಿದ ಜಾಗವನ್ನೆಲ್ಲ ಕೂದಲೆಳೆಯಷ್ಟು ಸಣ್ಣ ಗೆರೆಗಳು ಅಡ್ಡಡ್ಡ ಹಾಯ್ದು ತುಂಬಿದ್ದವು. ಅಚ್ಚು ಅಂಗೈಯಷ್ಟೇ, ಗೆರೆ ಎಣಿಸಿ ನೇಯಲು ಬರುವಂತಿರಲಿಲ್ಲ.

"ನೋಡ್ರಿ ಮಾಸ್ತರ. ಹೊಟ್ಟ್ಯಾಗ ಎಂಥಾ ನಮೂನಿ ತಗದಾನ. ಇದು ಸೀರಿ ದಡಿಗೆ ಬಂತಂದ್ರ ಪುಣೆತನಕ ಹೆಂಗಸರು ಹುಚ್ಚರಾಗ್ತಾರ" ಎಂದರು ಭೂಪಾಲಣ್ಣ.

"ಮೀನಿನ ದಡೀನ್ರೀ? ಜೈನರ ಶೆಡ್ಡಿನ್ಯಾಗ?"

"ಮೀನ ಯಾರಿಗೆ ಬೇಕ್ರಿ. ಮೀನ ಅಲ್ಲೇ ಬಿಟ್ಟು ಹೊಟ್ಟಿ ಅಷ್ಟ ತಗೊಂಬರ್ರಿ."

ಅವರ ಅವಸರಕ್ಕೆ ಕಾರಣವಿತ್ತು. ಅವರು ಸೀರೆಯಂಚಿಗೆ ಯಾವ ಹೊಸ ದಡಿ ಹಾಕಿದರೂ ಮುಂದಿನ ಸಂತೆಯೊಳಗೆ ಎದುರು ಶೆಡ್ಡಿನವರ ಸೀರೆಗೆ ಅದೇ ದಡಿ ಬರುತ್ತಿತ್ತಂತೆ. "ಕಳ್ಳರು ರೀ ಅವರು. ಮನಿ ಎದುರಿಗೇ ಕುಂತು ಕದೀತಾರ. ಅವರಿಗೆ ಸಿಗದಂಥಾದ್ದು ಸಮುದ್ರದ ಆಚಿಂದ ತರಬೇಕು" ಎಂದರು. ಆಸ್ಟ್ರೇಲಿಯಾ ಸರಕಾರ ನಮ್ಮ ಬಣ್ಣದವರನ್ನು ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ವ್ಯಾಪಾರಿಯೆಂದರೆ ಸ್ವಲ್ಪ ಸಹಿಸಿಕೊಳ್ಳುತ್ತದೆ. ಹೀಗೆ ನಾನು ಸೀರೆ ವ್ಯಾಪಾರಿಯಾದೆ. ಬರುವಾಗ ನಮೂನೆ ಬರಬೇಕು, ಬರದಿದ್ದರೆ ನಾನೂ ಶೆಡ್ಡಿಗೆ ಬರುವುದು ಬೇಡ ಎಂದು ಅವರು ನಗುತ್ತಲೇ ಹೇಳಿದರು. ಅವರು ನಗುವಾಗ ಹೇಳಿದ್ದನ್ನೆಲ್ಲ ಮಾಡುತ್ತಾರೆ.

ಸಮುದ್ರದ ಮೇಲೆ

ಹಡಗಿನಲ್ಲಿ ಮೊದಲ ವಾರ ನಾನು ಕಂಡದ್ದು ಒಂದು ತಗಡಿನ ಬಾಲ್ದಿಯ ಒಳಭಾಗ. ಎದ್ದು ಕೂತ ಮೇಲೆ ನಮ್ಮ ಕಡೆಯ ಜನ ಮಾಡುವ ಮೊದಲ ಕೆಲಸವನ್ನೇ ಮಾಡಿದೆ: ಸಂಬಂಧಿಕರನ್ನು ಹುಡುಕಿದೆ. ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಹೋಗುವ ಸರ್ವಿಸ್ ಮೋಟಾರಿನಲ್ಲಿ ಅಪರಿಚಿತರಿಬ್ಬರು ಪಕ್ಕಪಕ್ಕ ಕೂತರೆ, ಯಾವ ಊರು, ಅಡ್ಡಹೆಸರೇನು, ಹೆಣ್ಣು ಎಲ್ಲಿಂದ ತಂದಿರಿ ಎಂದು ಶುರುವಾಗಿ, ನಿಪ್ಪಾಣಿ ಬರುವಷ್ಟರಲ್ಲಿ ಒಬ್ಬ ಮಾವನಾಗಿ ಇನ್ನೊಬ್ಬ ಅಳಿಯನಾಗಿರುತ್ತಾನೆ. ಇದರಲ್ಲಿ ಲಿಂಗಾಯತರು, ಜೈನರು ಎಂಬ ಭೇದವಿಲ್ಲ.

ಹಡಗಿನ ಅಡುಗೆಮನೆಯಲ್ಲಿ ಸಂಕೇಶ್ವರದವನೊಬ್ಬ ಸಿಕ್ಕ. ಅವನ ತಂಗಿಯನ್ನು ನಮ್ಮ ಸೋದರತ್ತೆಯ ಊರಾದ ಮಹಾಗಾಂವಕ್ಕೆ ಕೊಟ್ಟಿದ್ದರು. ಅಂದರೆ ಅವನು ನನಗೆ ಒಂದು ರೀತಿಯ ಮಾವ. ಆ ಹೊತ್ತಿನಿಂದ ನನ್ನ ತಾಟಿಗೆ ಎರಡು ಚಮಚೆ ಉಪ್ಪಿನಕಾಯಿ ಬೀಳತೊಡಗಿತು. ಮನುಷ್ಯನಿಗೆ ಪರದೇಶದಲ್ಲಿ ಏನು ಬೇಕೆಂದು ನನಗೆ ತಿಳಿದುಹೋಗಿದೆ ಎಂದುಕೊಂಡೆ. ನನ್ನ ಮುಂದಿನ ಫಜೀತಿಗೆ ಕಾರಣ ಈ ಉಪ್ಪಿನಕಾಯಿಯೇ.

ಡಾರ್ವಿನ್

ಡಾರ್ವಿನ್ ಬಂದರಿಗೆ ಜಪಾನಿನ ಬಾಂಬುಗಳು ಬಿದ್ದು ವರ್ಷಗಳಾಗಿದ್ದರೂ ಊರು ಇನ್ನೂ ಹಲ್ಲು ಕಿತ್ತ ಬಾಯಿಯಂತಿತ್ತು. ಸುಂಕದ ಅಧಿಕಾರಿ ನನ್ನ ಪೆಟ್ಟಿಗೆಯಿಂದ ಒಂದು ಸೀರೆ ಹಿಡಿದು ಎಳೆಯತೊಡಗಿದ. ಎಳೆದಷ್ಟೂ ಬರುತ್ತಿತ್ತು. ಕೋಣೆಯ ಆ ಗೋಡೆ ಮುಟ್ಟಿ ತಿರುಗಿ ಬಂದು, ಇದು ಪರದೆಯೋ ಗುಡಾರವೋ ಎಂದು ಕೇಳಿದ. ಉಡುವ ಬಟ್ಟೆ ಎಂದೆ. ಎಷ್ಟು ಜನರಿಗೆ ಎಂದು ಕೇಳಿದ. ಕಡೆಗೆ ಅವನಿಗೇ ಉಡಿಸಿ ತೋರಿಸಬೇಕಾಯಿತು. ನಿರಿಗೆ ಹಿಡಿಯುವುದು ನನಗೂ ಬರುವುದಿಲ್ಲ. ಅವನು ಎರಡು ಹೆಜ್ಜೆ ಹಾಕಿ ಮೇಜಿನ ಮೇಲೆ ಬಿದ್ದ, ಎದ್ದವನೇ ನನ್ನ ಕಾಗದಕ್ಕೆ ಮುದ್ರೆ ಒತ್ತಿದ. ಆ ಸೀರೆಯ ಬಣ್ಣ ಗುಲಾಬಿ ಎಂದು ನೆನಪು. ಬಹುಶಃ ಹಸಿರು.

ಅಲ್ಲಿಂದ ಒಂದು ಸಣ್ಣ ಲಾಂಚಿನಲ್ಲಿ, ಹಿಟ್ಟಿನ ಚೀಲಗಳ ಮೇಲೆ ಕೂತು, ಕರಾವಳಿಯಲ್ಲಿ ಮೂಲನಿವಾಸಿಗಳಿಗಾಗಿ ಪಾದ್ರಿಗಳು ನಡೆಸುವ ಒಂದು ಮಿಶನ್ನಿಗೆ ಹೋದೆ. ಪತ್ರಿಕೆಯ ಆ ಮೀನನ್ನು ಬರೆದ ಮುದುಕ ಅಲ್ಲಿದ್ದಾನೆಂದು ಹೇಳಿದ್ದರು.

ಮಿಶನ್

ಮುದುಕ ಅಲ್ಲಿರಲಿಲ್ಲ. ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಿದ್ದ. ಮಿಶನ್ನಿನ ಪಾದ್ರಿ ಒಂದು ತಗಡಿನ ಉಗ್ರಾಣ ತೆರೆದು ತೋರಿಸಿದ. ಒಳಗೆ ಅವನು ಬರೆದ ತೊಗಟೆಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಮುಖ ಗೋಡೆಯ ಕಡೆಗೆ. ಸತ್ತವನ ಕೈಯ ಚಿತ್ರಗಳನ್ನು ಮನೆಯವರು ಸದ್ಯಕ್ಕೆ ನೋಡುವುದಿಲ್ಲ, ಹಾಗಾಗಿ ತಿರುಗಿಸಿಟ್ಟಿದ್ದಾರೆ ಎಂದ.

ನಾನು ಅಂಗಳಕ್ಕೆ ಬಂದು ಕೂತಿದ್ದವರನ್ನೆಲ್ಲ ಕೇಳತೊಡಗಿದೆ. ಪತ್ರಿಕೆಯಲ್ಲಿ ಅಚ್ಚಾಗಿದ್ದ ಮುದುಕನ ಹೆಸರನ್ನು ಗಟ್ಟಿಯಾಗಿ, ಕಿವಿ ಮಂದವಾದವರೊಡನೆ ಮಾತಾಡುವಂತೆ ಹೇಳಿ, ಅವನ ಮನೆಯವರು ಯಾರು ಎಂದೆ. ಒಬ್ಬಾಕೆ ಎದ್ದು ಹೋದಳು. ಇನ್ನೊಮ್ಮೆ ಹೇಳಿದೆ. ಇನ್ನಿಬ್ಬರು ಎದ್ದರು. ಸ್ವಲ್ಪ ಹೊತ್ತಿನಲ್ಲಿ ಅಂಗಳದಲ್ಲಿ ನಾನು, ನಾಯಿಗಳು ಮತ್ತು ಒಬ್ಬ ಗಟ್ಟಿಮುಟ್ಟಾದ ಗಂಡಸು ಉಳಿದೆವು. ಅವನು ಮುದುಕನ ಮಗ. ಮಿಶನ್ನಿನವರು ಅವನನ್ನು ಬಿಲ್ಲಿ ಎಂದು ಕರೆಯುತ್ತಿದ್ದರು. ಅವನ ಇಂಗ್ಲಿಷ್ ಮಿಶನ್ ಶಾಲೆಯದು. ಅದನ್ನು ನಾನು ಇಲ್ಲಿ ನಮ್ಮ ಗಡಹಿಂಗ್ಲಜದ ಮಾತಿಗೆ ಇಳಿಸಿದ್ದೇನೆ. ಅದಕ್ಕೆ ಅದೇ ಹೊಂದುತ್ತದೆ.

"ಸತ್ತಾವನ ಹೆಸರು ತಗೀಬ್ಯಾಡೋ" ಎಂದ ಬಿಲ್ಲಿ. "ಇನ್ನೊಂದ ಸಲ ಅಂದ್ರ ನಾಯೂ ಎದ್ದು ಹೋಗ್ತಾವ."

ನಮ್ಮವ್ವ ಇವತ್ತಿಗೂ ನಮ್ಮಪ್ಪನ ಹೆಸರು ಹೇಳಿದವಳಲ್ಲ. ಅಂಥ ಮನೆಯಿಂದ ಬಂದು ಅಂಗಳ ಖಾಲಿ ಮಾಡಿಸಿದ್ದು ನನ್ನ ಪದವಿಗೆ ತಕ್ಕದ್ದೇ ಆಗಿತ್ತು. ಈ ಬರಹದಲ್ಲಿ ಮುದುಕನ ಹೆಸರಿಲ್ಲದಿರುವುದಕ್ಕೆ ಕಾರಣ ಇಷ್ಟೇ. ಇದೊಂದನ್ನು ನನ್ನ ಮರೆವಿನ ಲೆಕ್ಕಕ್ಕೆ ಹಾಕಬೇಡಿ.

ಹೆಸರು ಬಿಟ್ಟರೆ ಅಪ್ಪನ ವಿಷಯ ಮಾತಾಡಲು ಬಿಲ್ಲಿಗೆ ಬೇಸರವಿರಲಿಲ್ಲ. ಮುದುಕ ಹುಟ್ಟಿದಾಗ ಆ ಕಡೆ ಪಾದ್ರಿಗಳು ಬಂದಿರಲಿಲ್ಲ. ಮಳೆಗಾಲ ಬಂತೆಂದರೆ ತೊಗಟೆ ಬಾಗಿಸಿ ಗುಡಿಸಲು ಕಟ್ಟುತ್ತಿದ್ದರು. ಹೊರಗೆ ಮಳೆ ಹೊಡೆಯುವಾಗ ಅವನು ಒಳಗೆ ಅಂಗಾತ ಮಲಗಿ, ತಲೆಯ ಮೇಲಿನ ತೊಗಟೆಯಲ್ಲಿ ಬಿಳಿ ಮಣ್ಣು, ಕೆಂಪು ಕಲ್ಲು, ಇದ್ದಲುಗಳಿಂದ ಮೀನು, ಆಮೆ ಬರೆಯುತ್ತಿದ್ದ. ಬಿಲ್ಲಿ ಪಕ್ಕದಲ್ಲಿ ಮಲಗಿ ನೋಡಿಯೇ ಕಲಿತ. ಸಣ್ಣ ಗೆರೆಗಳಿಗೆ ಕುಂಚ ಮನುಷ್ಯರ ಕೂದಲಿನದು. "ನನ್ನ ತಲೀದ ಕಿತ್ತಕೊಂತಿದ್ದ. ಅದಕ್ಕ ನೋಡು" ಎಂದು ಬೋಳಾದ ನೆತ್ತಿ ತೋರಿಸಿದ. ನಂಬಲಿಲ್ಲ. ಅವನೂ ನಂಬಿಸಲು ಹೆಚ್ಚು ಕಷ್ಟಪಡಲಿಲ್ಲ.

ಯುದ್ಧದ ಕಾಲಕ್ಕೆ ಸಿಪಾಯಿಗಳು ಬಂದರು. ತಂಬಾಕು ಕೊಟ್ಟು ತೊಗಟೆ ಬರೆಸಿಕೊಂಡರು. ಒಬ್ಬ ಸಿಪಾಯಿ ವಿಮಾನ ಬರೆದುಕೊಡು ಎಂದ. ಮುದುಕ ವಿಮಾನದ ಸುತ್ತ ಒಂದು ಸುತ್ತು ಹಾಕಿ, ಅದರ ಹೊಟ್ಟೆಯ ಕೆಳಗೆ ಬಹಳ ಹೊತ್ತು ಕೂತು, ಬೆನ್ನೆಲುಬು, ಪಕ್ಕೆಲುಬು, ಯಕೃತ್ತು, ಕರುಳು ಎಲ್ಲ ಇರುವ ವಿಮಾನ ಬರೆದುಕೊಟ್ಟ. ಜಠರದೊಳಗೆ ಪೈಲಟ್ ಕಾಲು ಮಡಚಿ ಕೂತಿದ್ದ. ಸಿಪಾಯಿ ನಕ್ಕ. ಪೈಲಟ್ ಮಾತ್ರ ನಗಲಿಲ್ಲವಂತೆ.

"ಸಿಪಾಯರಿಗೆ ಈ ಗೆರಿ ಕೊಟ್ಟಿದ್ದೇನು ನಿಮ್ಮಪ್ಪ?" ಎಂದು ಪತ್ರಿಕೆಯ ಮೀನಿನ ಹೊಟ್ಟೆಯನ್ನು ತೋರಿಸಿದೆ.

ಬಿಲ್ಲಿ ಪತ್ರಿಕೆಯಿಂದ ಮುಖ ತಿರುಗಿಸಿದ. "ಅದು ಕೊಡೂದಲ್ಲ. ವಿಮಾನದ ಗೆರಿ ಯಾರಿಗ್ಯಾದ್ರೂ ಕೊಡಬಹುದು. ಇದು ನಮ್ಮ ಮನೀದು. ಅಪ್ಪಗ ಅವರಪ್ಪ ಕೊಟ್ಟಾನ, ನನಗ ಅಪ್ಪ ಕೊಟ್ಟಾನ. ನಾ ಬರಿಯಾಕ ನಮ್ಮವ್ವ ಹೂಂ ಅನ್ನಬೇಕು. ಇನ್ನೂ ಅಂದಿಲ್ಲ."

ಅಂದರೆ ಮಗನೇ ಬರೆಯಲಾರದೆ ಕಾಯುತ್ತಿದ್ದ ಗೆರೆಯನ್ನು ನಾನು ಸೀರೆಯ ದಡಿಗೆ ಕೇಳಲು ಬಂದಿದ್ದೆ. ಹಾಗಾದರೆ ಮುದುಕಿಯನ್ನೇ ಕೇಳಬೇಕು. ಕೇಳುವ ಮೊದಲು ಸಂಬಂಧ ಬೆಳೆಸಬೇಕು. ನನಗೆ ಉಪ್ಪಿನಕಾಯಿ ನೆನಪಾಯಿತು.

"ಬಿಲ್ಲಿ, ನಾ ನಿಮಗ ಏನಾಗಬೇಕು, ಹೇಳು" ಎಂದೆ. "ಸಂಬಂಧ ಇಲ್ಲದ ಮನುಷ್ಯಾನ ಸಂಗಾಟ ಯಾರರೆ ಹೆಂಗ ಮಾತಾಡ್ತಾರ?"

ಬಿಲ್ಲಿಯ ಮುಖ ಅರಳಿತು. ಪಾದ್ರಿ, ಸಿಪಾಯಿ, ಪತ್ರಿಕೆಯವರು ಯಾರೂ ಇದನ್ನು ಕೇಳಿರಲಿಲ್ಲವಂತೆ. ಅವರಲ್ಲಿ ಮನುಷ್ಯರು, ಮೀನು, ಗಾಳಿ, ಬಂಡೆ ಎಲ್ಲವೂ ಎರಡು ಪಾಲು. ಒಂದು ಪಾಲಿನವರು ಇನ್ನೊಂದು ಪಾಲಿನಿಂದಲೇ ಹೆಣ್ಣು ತರಬೇಕು. ನಮ್ಮಲ್ಲೂ ಗೋತ್ರದಂಥ ಬೆಡಗು ನೋಡದೆ ಲಿಂಗಾಯತರ ಮದುವೆ ಆಗುವುದಿಲ್ಲವಾದ್ದರಿಂದ ನನಗೆ ಬೇಗ ತಿಳಿಯಿತು. ಬಿಲ್ಲಿ ಬೆರಳು ಮಡಚಿ ಎಣಿಸಿ, ಮರಳಿನಲ್ಲಿ ಗೀಚಿ, ಕಡೆಗೆ ತೀರ್ಮಾನ ಕೊಟ್ಟ.

"ನೀ ನನ್ನ ತಂಗೀ ಗಂಡ ಆಗಬೇಕು."

"ನಿನ್ನ ತಂಗಿ?"

"ಆಕಿಗೆ ಗಂಡ ಅದಾನ. ನೀ ಹೆದರಬ್ಯಾಡ. ಇದು ಕರಿಯಾಕ ಅಷ್ಟ."

ನಾನು ಹಿಗ್ಗಿದೆ. ಮನೆಯ ಅಳಿಯ ಕೇಳಿದರೆ ಯಾವ ಅತ್ತೆ ಇಲ್ಲವೆನ್ನುತ್ತಾಳೆ?

ಅತ್ತೆಯ ಬೆನ್ನು

ಮರುದಿನ ಬೆಳಿಗ್ಗೆ ನೀರಿನ ದಾರಿಯಲ್ಲಿ ಬಿಲ್ಲಿಯ ಅವ್ವ, ಈಗ ನನ್ನ ಅತ್ತೆ, ಎದುರಾದಳು. ತೆಳ್ಳಗಿನ ಮುದುಕಿ, ಬೆಳ್ಳಿಕೂದಲು. ನಾನು ಕೈಮುಗಿದೆ. ಆಕೆ ಹೊತ್ತಿದ್ದ ಕಟ್ಟಿಗೆಯನ್ನು ಅಲ್ಲೇ ಎಸೆದು ಪೊದೆಯೊಳಗೆ ನುಗ್ಗಿದಳು. ಮಧ್ಯಾಹ್ನ ಮತ್ತೆ ಸಿಕ್ಕಳು. ಅಂಗಿಯ ಅಂಚನ್ನು ಮುಖಕ್ಕೆಳೆದುಕೊಂಡು ಮರದ ಹಿಂದೆ ನಿಂತಳು. ಸಂಜೆ ನಾನು ಬರುವುದನ್ನು ಕಂಡು ಸೊಂಟಮಟ್ಟ ನೀರಿಗೇ ಇಳಿದಳು.

ಬಿಲ್ಲಿಯನ್ನು ಕೇಳಿದೆ. ಅವನು ಆಮೆಯ ಮಾಂಸ ತಿನ್ನುತ್ತ ಶಾಂತವಾಗಿ ಹೇಳಿದ: "ಅತ್ತಿ ಅಳಿಯನ ಮಾರಿ ನೋಡಾಂಗಿಲ್ಲ. ಅಳಿಯ ಅತ್ತಿ ಸಂಗಾಟ ಮಾತಾಡಾಂಗಿಲ್ಲ. ನೋಡಿದ್ರ ಇಬ್ಬರಿಗೂ ನಾಚಿಗಿ."

"ಇದನ್ನ ಮೊದಲ ಯಾಕ ಹೇಳಲಿಲ್ಲೋ?"

"ನೀ ಸಂಬಂಧ ಕೇಳಿದಿ. ಸಂಬಂಧ ಕೊಟ್ಟೆ."

ಇಡೀ ಉತ್ತರ ಕರಾವಳಿಯಲ್ಲಿ ನಾನು ಮಾತಾಡಲೇಬೇಕಾಗಿದ್ದವಳು ಒಬ್ಬಳು. ನಾನು ಮಾತಾಡಬಾರದವಳೂ ಅವಳೇ. ಬಿಲ್ಲಿ ನನ್ನನ್ನು ಬೇಕೆಂದೇ ಅಳಿಯನನ್ನಾಗಿ ಮಾಡಿದನೆ? ಅವನಿಗೆ ಅಷ್ಟು ಕಿಡಿಗೇಡಿತನ ಇತ್ತೆಂದು ನನ್ನ ಅನುಮಾನ. ಬೆರಳು ಎಣಿಸುವಾಗ ಒಂದು ಬೆರಳನ್ನು ಎರಡು ಸಲ ಎಣಿಸಿದ್ದನ್ನು ನೋಡಿದ್ದೇನೆ. ಬಹುಶಃ.

ದಾರಿ ತೋರಿಸಿದವನೂ ಅವನೇ. ಮುದುಕಿ ತನ್ನ ಗುಡಿಸಲ ಮುಂದೆ ಸಮುದ್ರಕ್ಕೆ ಮುಖ ಮಾಡಿ ಕೂತಳು. ನಾನು ದೂರದಲ್ಲಿ ಅವಳಿಗೆ ಬೆನ್ನು ಕೊಟ್ಟು ಕೂತೆ. ನಡುವೆ ಬಿಲ್ಲಿ. ನನ್ನ ಮಾತನ್ನು ನಾನು ಒಂದು ಮರಕ್ಕೆ ಹೇಳಬೇಕು, ಆಕೆ ತನ್ನ ಮಾತನ್ನು ನಾಯಿಗೆ ಹೇಳುತ್ತಾಳೆ. ನನಗಿದು ಹೊಸದಾಗಿ ಕಾಣಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡವ್ವ ತನ್ನ ಮಾವನನ್ನು ಊಟಕ್ಕೆ ಏಳಿಸಬೇಕಾದರೆ ತೊಟ್ಟಿಲ ಕೂಸಿಗೆ ಹೇಳುತ್ತಿದ್ದಳು: "ಏ ಕೂಸ, ಅಜ್ಜಗ ತಾಟ ಹಾಕೈತಿ ಅನ್ನ." ಕೂಸು ಮಾತಾಡುತ್ತಿರಲಿಲ್ಲ, ಅಜ್ಜ ಏಳುತ್ತಿದ್ದ.

ನಾನು ಮರಕ್ಕೆ ಎಲ್ಲವನ್ನೂ ಹೇಳಿದೆ. ಮಗ್ಗ, ದಡಿ, ಭೂಪಾಲಣ್ಣ. ಮುದುಕಿ ನಾಯಿಗೆ ಒಂದು ಪ್ರಶ್ನೆ ಹಾಕಿದಳು.

"ಈ ಗೆರಿ ಉಟ್ಟುಕೊಳ್ಳಾಕಿ ಯಾರ ಮಗಳು ಅಂತ ಕೇಳ್ತಾಳ" ಎಂದ ಬಿಲ್ಲಿ.

"ಯಾರ ಮಗಳಾದ್ರೂ ನಡೀತೈತಿ. ಅಂಗಡ್ಯಾಗ ಕೊಂಡಾಕಿ" ಎಂದೆ ಮರಕ್ಕೆ.

ಬೆನ್ನ ಹಿಂದೆ ಬಹಳ ಹೊತ್ತು ಮಾತು ಕೇಳಿಸಿತು. ನಾಯಿ ಆಕಳಿಸಿತು. ಬಿಲ್ಲಿ ಅದನ್ನೆಲ್ಲ ಮೊಟಕು ಮಾಡಿದ: "ಅಳಿಯಗ ಬುದ್ಧಿ ಕಡಿಮಿ ಐತಿ, ಆದ್ರ ಸುಳ್ಳು ಹೇಳಾಂವಲ್ಲ ಅಂತಾಳ."

"ಮತ್ತೇನಂದಳು?"

ಬಿಲ್ಲಿ ಮೊದಲ ಸಲ ತಡವರಿಸಿದ. "ಎಲ್ಲಾರ ಮೈಮ್ಯಾಗ ಬಂದ್ರ, ನಾಳೆ ನನ್ನ ಮಗಗ ಕೊಡಾಕ ನನ್ನ ಹತ್ರ ಏನ ಉಳೀತೈತಿ ಅಂತಾಳ."

ನಾನು ಮರಕ್ಕೆ ಕೈಮುಗಿದು, ಹಿಂದೆ ತಿರುಗದೆ ಎದ್ದು ಹೋದೆ.

ಲಾಂಚು ಹೊರಡುವ ದಿನ ಬಿಲ್ಲಿ ತೊಗಟೆಯ ಒಂದು ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ ತಂದ. ಮುದುಕ ಕಡೆಗೆ ಬರೆದ ಮೀನು. ಅಳಿಯ ಬರಿಗೈಲಿ ಹೋಗಬಾರದೆಂದು ಅತ್ತೆ ಕಳಿಸಿದ್ದಾಳೆ ಎಂದ. ಇಲ್ಲಿ ಯಾರೂ ಅದನ್ನು ನೋಡಲಾರರು, ಅಲ್ಲಿ ನಿನ್ನ ಅವ್ವ ನೋಡಲಿ. ಮನೆಯಲ್ಲಿ ಇಡು, ಗೆರೆ ಮನೆ ಬಿಟ್ಟು ಹೊರಗೆ ಹೋಗಬಾರದು ಎಂದಿದ್ದಾಳೆ. ದಂಡೆಯ ಮೇಲೆ ದೂರದಲ್ಲಿ ಆಕೆ ನನಗೆ ಬೆನ್ನು ಮಾಡಿ ನಿಂತಿದ್ದಳು. ಲಾಂಚು ಕಾಣುವಷ್ಟು ಹೊತ್ತೂ ಹಾಗೇ ನಿಂತಿದ್ದಳು. ಬೇರೆ ಯಾರ ಬೆನ್ನೂ ನನಗೆ ಇಷ್ಟು ಸ್ಪಷ್ಟವಾಗಿ ನೆನಪಿಲ್ಲ.

ಗಡಹಿಂಗ್ಲಜ

ಮನೆಗೆ ಬಂದಾಗ ತೊಗಟೆ ಸೆಕೆಗೆ ಸುರುಳಿಯಾಗುತ್ತಿತ್ತು. ನಮ್ಮವ್ವ ಅದರ ಮೇಲೆ ಬಿಳಿ ಬಟ್ಟೆ ಹಾಸಿ, ನಾಲ್ಕು ಮೂಲೆಗೆ ಉಪ್ಪಿನಕಾಯಿ ಭರಣಿ ಹೇರಿ ಸಪಾಟು ಮಾಡಿದಳು. ಅವರೂ ಹೀಗೆಯೇ ಕಲ್ಲು ಹೇರುತ್ತಾರೆಂದು ನಾನು ಹೇಳುವ ಮೊದಲೇ ಮಾಡಿದಳು. ಆಮೇಲೆ ಬಟ್ಟೆ ತೆಗೆದು ಮುಂದೆ ಕೂತು ಮೀನನ್ನು ನೋಡಿದಳು. ಮೀನು ಮುಟ್ಟದ ಮನೆ ನಮ್ಮದು, ನಾನು ಹೆದರಿದ್ದೆ.

"ಒಳಗಿಂದೆಲ್ಲಾ ಕಾಣತೈತಲ್ಲೋ" ಎಂದಳು. "ಕೊಟ್ಟಾಕಿ ಯಾರು?"

"ಅತ್ತಿ ಆಗಬೇಕವ್ವಾ" ಎಂದು ಎಲ್ಲವನ್ನೂ ಹೇಳಿದೆ.

ಅವ್ವ ಸೆರಗು ಸರಿಮಾಡಿಕೊಂಡಳು. "ಅಂದ್ರ ನನಗ ಬೀಗತಿ. ಹೆಂಗದಾಳ ನೋಡಾಕ?"

"ಮಾರಿ ಸರಿಯಾಗಿ ನೋಡಿಲ್ಲ. ಬೆನ್ನು ಚಲೋ ಐತಿ."

"ಬೀಗತಿ ಇಷ್ಟು ಕಳಿಸ್ಯಾಳಂದ್ರ ನಾವು ಸೀರಿ ಕಳಿಸಬೇಕು. ಬರಿಗೈಲೆ ಕುಂದ್ರಾಕ ನಾವೇನು ಭಿಕಾರಿಗಳೇನು" ಎಂದಳು. ಹೆಣ್ಣಿಲ್ಲದ ಮದುವೆಯ ಬೀಗತನ ಆ ಹೊತ್ತಿನಿಂದ ನಡೆಯತೊಡಗಿತು.

ಮತ್ತೆ ಇಚಲಕರಂಜಿ

ಭೂಪಾಲಣ್ಣ ಶೆಡ್ಡಿನಲ್ಲಿ ಮಗ್ಗದ ಸದ್ದಿಗಿಂತ ಮೇಲೆ ಕೂಗಿದರು: "ಹೊಟ್ಟಿ ಎಲ್ಲಿ ಐತ್ರಿ?"

"ಮನ್ಯಾಗ ಐತಿ. ತರಾಕ ಬರೂದಿಲ್ರಿ. ಅತ್ತಿ ಮನೀದು."

ನನ್ನ ಕಥೆಯನ್ನು ಅವರು ಪೂರ್ತಿ ಕೇಳಿದರು. ತಿಜೋರಿಯ ಮುಂದೆ ಯಾರ ಮಾತಿಗೂ ಸೋಲದ ಮನುಷ್ಯ. ಆದರೆ ಮೂರು ಹೆಣ್ಣುಮಕ್ಕಳನ್ನು ಕೊಟ್ಟವರು. ಅತ್ತೆ ಮನೆಯ ವಸ್ತುವನ್ನು ಅಳಿಯ ಮಾರಿದರೆ ಏನಾಗುತ್ತದೆಂದು ಅವರಿಗೆ ಗೊತ್ತು. "ಹಾಂ, ಅತ್ತಿ ಮನಿ ಮಾಲಿಗೆ ಕೈ ಹಚ್ಚಬಾರದು. ಅದು ಮನ್ಯಾಗ ಇರಲಿ" ಎಂದು ಒಪ್ಪಿದರು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ನಮೂನೆ ಬರೆಯುವ ಚೌಕಳಿ ಕಾಗದ ತಂದು ಮುಂದಿಟ್ಟರು. "ಕಣ್ಣಿಂದ ನೋಡೀರಲ್ಲ. ನೆನಪಿಲೆ ತಗೀರಿ. ನೆನಪಿಗೆ ಅತ್ತಿ ಏನ ಮಾಡ್ತಾಳ?"

ನನಗೆ ಕೆಲಸ ಬೇಕಾಗಿತ್ತು. ಪೆನ್ಸಿಲ್ ಹಿಡಿದೆ. ಆ ಗೆರೆಗಳನ್ನು ವಾರಗಟ್ಟಲೆ ಹಡಗಿನಲ್ಲಿ ನೋಡಿದ್ದೆ. ಕೈ ಹೊರಟಿತು. ಒಂದು ಓರೆಗೆರೆ, ಅದರ ಮೇಲೆ ಇನ್ನೊಂದು, ನಡುವೆ ಒಂದು ಚುಕ್ಕೆ. ಚುಕ್ಕೆ ಇತ್ತೆ? ಇತ್ತು. ಪೂರ್ತಿ ತುಂಬಿಸಿ ತೋರಿಸಿದೆ.

ಭೂಪಾಲಣ್ಣ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಆಮೇಲೆ ಪಕ್ಕದ ಮಗ್ಗದಿಂದ ಇಳಿದ ಸೀರೆಯ ದಡಿಯನ್ನು ಎಳೆದು ಕಾಗದದ ಪಕ್ಕಕ್ಕಿಟ್ಟರು.

"ಮಾಸ್ತರ, ಇಷ್ಟು ದೂರ ಹೋಗಿ ನಂದ ದಡಿ ತಂದೀರಲ್ಲ."

ಅದೇ ಆಗಿತ್ತು, ಚುಕ್ಕೆ ಸಮೇತ. ನನ್ನ ನೆನಪು ಮುದುಕನ ಮನೆಯ ಗೆರೆಯನ್ನು ಬಿಟ್ಟು, ನಾನು ದಿನವೂ ಬಣ್ಣ ಕಾಯಿಸಿದ ಶೆಡ್ಡಿನ ಗೆರೆಯನ್ನು ಎತ್ತಿಕೊಟ್ಟಿತ್ತು. ನಾನು ಬೇಕೆಂದು ಮಾಡಿದೆನೆ, ಕೈ ತಾನಾಗಿ ಮಾಡಿತೆ ಎಂದು ಈಗಲೂ ಹೇಳಲಾರೆ. ನನ್ನ ನೆನಪಿನ ಮೇಲೆ ಎಂದೂ ಇಲ್ಲದ ಪ್ರೀತಿ ಆ ದಿನ ಹುಟ್ಟಿತು.

ಭೂಪಾಲಣ್ಣ ಮೊದಲು ಬೈದರು, ಆಮೇಲೆ ನಕ್ಕು "ನಮೂನಿ ಅಂತೂ ಬಂತಲ್ರಿ, ನೀವೂ ಬರ್ರಿ" ಎಂದರು. ನಕ್ಕು ಹೇಳಿದ್ದನ್ನು ಮಾಡುವವರಾದ್ದರಿಂದ, ನನ್ನನ್ನು ಮತ್ತೆ ಬಣ್ಣದ ಕಡಾಯಿಗೇ ಕಳಿಸಿದರು. ಬೀಗತಿಗೆ ಅವ್ವ ಕೇಳಿದ ಸೀರೆಯನ್ನೂ ಅವರೇ ಕೊಟ್ಟರು, ಆ ದಡಿಯದ್ದನ್ನೇ. "ಅಲ್ಲಿಂದ ಬರದಿದ್ರ ಇಲ್ಲಿಂದ ಹೋಗಲಿ" ಎಂದರು. ಪಾರ್ಸೆಲಿಗೆ ದಾರ ಸುತ್ತುವಾಗ ಅವರ ಕೈ ನಿಂತಿತು.

"ಮಾಸ್ತರ, ಆಕಿ ಮತ್ತ ನಾಯಿಗೆ ಕೇಳಿದ್ರ? ಈ ಗೆರಿ ಯಾರ ಮನೀದಂತ?"

"ನಿಮ್ಮ ಮನೀದು ಅಂತ ತಿಳಿಸೋಣ್ರಿ."

ಅವರು ಬಾಗಿಲ ಕಡೆ ನೋಡಿದರು. ಎದುರು ಶೆಡ್ಡಿನ ಮಗ್ಗಗಳು ಎಂದಿನಂತೆ ಬಡಿಯುತ್ತಿದ್ದವು. ದನಿ ತಗ್ಗಿಸಿದರು. "ನಂದೂ ಅಲ್ರಿ ಅದು. ಎದುರಿನವರದು. ಹ್ವಾದ ದೀಪಾವಳಿಗೆ ತಗೊಂಡಿದ್ದೆ. ಆಕಿ ಕೇಳಿದ್ರ ನೀವ ಏನರೆ ಹೇಳ್ರಿ."

ಗಂಟು ಬಿಗಿದು ಹೇಳಿದೆ: "ನಾ ಅತ್ತಿ ಸಂಗಾಟ ಮಾತಾಡಾಂಗಿಲ್ರಿ."